ಹದಿನೇಳನೇ ಫ್ಯಾನಿಗೆ ಕಾವಲುಗಾರ ಬೇಕಾಗಿದ್ದಾನೆ

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಗುಡ್ಡಸಾಲಿನಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಹದಿನೇಳು ಫ್ಯಾನುಗಳಿದ್ದು, ಅವುಗಳ ಪೈಕಿ ಹದಿನೇಳನೆಯದಕ್ಕೆ ಒಬ್ಬ ಕಾವಲುಗಾರ ಬೇಕಾಗಿದ್ದಾನೆ. ಈ ಸಂಗತಿಯನ್ನು ಸುಪವನ ಇಂಧನ ನಿರ್ವಹಣಾ ಸಂಸ್ಥೆಯು ಕಳೆದ ಎರಡು ವರ್ಷ ಹತ್ತು ತಿಂಗಳಿಂದ ಅತ್ಯಂತ ಗಂಭೀರವಾಗಿ ಪರಿಗಣಿಸುತ್ತ ಬಂದಿದೆ. ಉಳಿದ ಹದಿನಾರು ಫ್ಯಾನುಗಳಿಗೆ ಕಾವಲುಗಾರರಿದ್ದಾರೆ. ಅವರನ್ನು ತೆಗೆದುಕೊಂಡಾಗ ಸಂಸ್ಥೆಯಲ್ಲಿ ನೇಮಕಾತಿ ವಿಭಾಗವೇ ಇರಲಿಲ್ಲ. ಹೀಗಾಗಿ ಯಾರ ಹೊಲದಲ್ಲಿ ಫ್ಯಾನು ನಿಂತಿತೋ ಆ ಮನೆಯವರನ್ನು ಕರೆದು, ಒಂದೇ ಮಧ್ಯಾಹ್ನದಲ್ಲಿ ಹದಿನಾರು ಜನಕ್ಕೂ ಸೀಟಿ, ಟಾರ್ಚು ಕೊಟ್ಟು ಕಳಿಸಿಬಿಟ್ಟಿದ್ದರು. ಇಂಥ ಅವ್ಯವಸ್ಥೆ ಮರುಕಳಿಸಬಾರದೆಂಬ ಉದ್ದೇಶದಿಂದ ನೇಮಕಾತಿ ವಿಭಾಗವನ್ನು ಸ್ಥಾಪಿಸಲಾಯಿತು.

ವಿಭಾಗದ ಕಚೇರಿ ಕೊಟ್ಟೂರಿನಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಲ್ಲಿಗೆ ನೇಮಕಾತಿ ತಜ್ಞೆಯಾಗಿ ಬಂದವಳು ಹಗರಿಬೊಮ್ಮನಹಳ್ಳಿಯ ಶಿವಲೀಲಾ. ಮಾನವ ಸಂಪನ್ಮೂಲದಲ್ಲಿ ಎಂ.ಬಿ.ಎ. ಮುಗಿಸಿದ ಮೇಲೆ ಎರಡು ವರ್ಷ ಅವಳು ಅಪ್ಪನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೂತು, ಮದುವೆಗೆ ಉಡುಗೊರೆ ಕೊಡುವ ತಂಬಿಗೆ ತಟ್ಟೆಗಳ ಮೇಲೆ ಮಷೀನಿನಿಂದ ಹೆಸರು ಕೊರೆದಿದ್ದಳು. ಊರಿನ ಅರ್ಧ ಜನದ ಹೆಸರು ಅವಳ ಕೈಯಲ್ಲೇ ಮೂಡಿತ್ತು, ಅವಳ ಹೆಸರು ಮಾತ್ರ ಎಲ್ಲೂ ಬಂದಿರಲಿಲ್ಲ. ಈಗ ಆರು ತಿಂಗಳ ಪ್ರೊಬೇಷನ್. ಕೆಲಸ ನೋಡಿ ಖಾಯಂ ಮಾಡುತ್ತೇವೆ ಎಂದು ಆದೇಶದಲ್ಲಿ ಬರೆದಿತ್ತು. "ಆಗದಿದ್ರ ಚಿಂತಿ ಮಾಡಬ್ಯಾಡವ್ವ, ಮಷೀನು ಖಾಲಿನ ಐತಿ" ಎಂದು ಅಪ್ಪ ಧೈರ್ಯ ಹೇಳಿ ಕಳಿಸಿದ್ದರು. ಆ ಧೈರ್ಯದ ಮಾತಿಗೇ ಅವಳಿಗೆ ಹೆಚ್ಚು ಹೆದರಿಕೆ.

ಕೆಲಸಕ್ಕೆ ಸೇರಿದ ಮೂರನೇ ದಿನ ಅವಳು ಒಂದು ತಪ್ಪು ಮಾಡಿದಳು. ಹುದ್ದೆ ಎಲ್ಲಿದೆಯೋ ಆ ಜಾಗವನ್ನು ನೋಡಲು ಹೋದಳು. ವಿಭಾಗದ ಇತಿಹಾಸದಲ್ಲಿ ಹಾಗೆ ಯಾರೂ ಹೋಗಿರಲಿಲ್ಲ. ಫ್ಯಾನು ರಿಪೇರಿಯ ರಾಮಾಂಜಿನಿ ತನ್ನ ಬೈಕಿನಲ್ಲಿ ಅರ್ಧ ಗುಡ್ಡದವರೆಗೆ ಬಿಟ್ಟ, ಉಳಿದರ್ಧ ನಡೆದಳು. ಹನ್ನೊಂದರ ಬಿಸಿಲು. ಆ ಬೋಳುಗುಡ್ಡದಲ್ಲಿ ನೆರಳು ಎಂದರೆ ಫ್ಯಾನಿನ ಕಂಬದ್ದೊಂದೇ. ಆ ನೆರಳಿನ ಉದ್ದಕ್ಕೂ ಕುರಿಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತಿದ್ದವು. ನೆರಳು ಸರಿದಷ್ಟು ಸಾಲೂ ಸರಿಯುತ್ತಿತ್ತು. ಸಾಲಿನ ಕೊನೆಗೆ ಕಂಬಳಿ ಹಾಸಿಕೊಂಡು ಕರಿಸಿದ್ದಪ್ಪ ಕೂತಿದ್ದ. ಐವತ್ತೈದು ದಾಟಿದ ಆಸಾಮಿ, ಎಡ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡಿದ್ದ.

"ಇಲ್ಲಿ ಫ್ಯಾನು ಕಾಯೋರು ಯಾರದಾರ್ರಿ ಯಜಮಾನ್ರ?" ಎಂದು ಶಿವಲೀಲಾ ಕೇಳಿದಳು.

"ಯಾರೂ ಇಲ್ಲವ್ವಾ. ಅದಕ್ಕ ನಾನ ಕಾಯಾಕತ್ತೀನಿ."

ಎರಡು ವರ್ಷದಿಂದ ಕಾಯುತ್ತಿದ್ದನಂತೆ. ತಾಮ್ರದ ವೈರು ಕೊಯ್ಯಲು ಬಂದವರನ್ನು ಎರಡು ಸಲ ಕೋಲು ತಿರುವಿ ಓಡಿಸಿದ್ದ. ಮೇಲಿನ ಸದ್ದು ಸ್ವಲ್ಪ ಬೇರೆಯಾದರೂ ಸಾಕು, ರಾಮಾಂಜಿನಿಗೆ ಫೋನು ಹೋಗುತ್ತಿತ್ತು. "ನಮ್ಮ ಕಂಪ್ಯೂಟರ್ ಹೇಳೋಕ್ಕಿಂತ ಅರ್ಧ ತಾಸು ಮುಂಚೇನ ಈತ ಹೇಳ್ತಾನ್ರಿ" ಎಂದು ರಾಮಾಂಜಿನಿ ಆಮೇಲೆ ಸಾಕ್ಷಿ ನುಡಿದ. ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿದರೆ ಕರಿಸಿದ್ದಪ್ಪ ಕಂಬದ ಕಡೆ ಕೈ ತೋರಿಸಿದ. "ಅದರ ನೆಳ್ಳಾಗ ನನ್ನ ಕುರಿ ನಿಂದರ್ತಾವಲ್ಲವ್ವಾ. ಪುಕ್ಕಟೆ ನಿಂದರ್ಸಾಕ ಬರ್ತೈತೇನು?"

ಅವನಿಗೆ ಈ ನೌಕರಿ ಬೇಕಾಗಿತ್ತು. ಬೇಸಗೆ ಬಂತೆಂದರೆ ಗುಡ್ಡದಲ್ಲಿ ಹುಲ್ಲಿರುವುದಿಲ್ಲ, ಹಿಂಡನ್ನು ಹೊಡೆದುಕೊಂಡು ಹಲವಾಗಲು ಕಡೆ ಹೊಳೆದಂಡೆಗೆ ನಡೆಯಬೇಕು. ಹೋದ ವರ್ಷ ಅರ್ಧ ದಾರಿಯಲ್ಲಿ ಮೊಣಕಾಲು ಕೈಕೊಟ್ಟು, ಹೆಂಡತಿ ಭರಮಮ್ಮ ಒಬ್ಬಳೇ ಹಿಂಡಿನ ಹಿಂದೆ ಹೋಗಿ ಬಂದಿದ್ದಳು. "ಇಲ್ಲೆ ಕುಂತು ಕಾಯೋ ಕೆಲಸ ಖರೇವಂದ್ರೂ ಆದ್ರ, ಬ್ಯಾಸಗಿಗೆ ಒಬ್ಬ ಆಳು ಇಟ್ಟು ಕುರಿ ಕಳಸ್ತೀನಿ. ಇಲ್ಲಂದ್ರ ಮಾರಬೇಕು. ಮಾರಿದ ಮ್ಯಾಲೆ ನಾ ಯಾರವ್ವಾ?" ಎಂದ. ಇಂಥ ಅಭ್ಯರ್ಥಿ ಶಿವಲೀಲಾ ಓದಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಈತನಿಗೆ ಈ ಕೆಲಸ ಕೊಡಿಸಿಯೇ ತೀರುತ್ತೇನೆಂದು ಅವಳು ಅಂದುಕೊಂಡಳು, ಹಾಗೆ ಅಂದುಕೊಂಡದ್ದು ಮನಃಪೂರ್ವಕವಾಗಿಯೇ.

ವಿಭಾಗದ ಮುಖ್ಯಸ್ಥರು ಗುರುಬಸವರಾಜ ಅವರು. ಮೊದಲು ಒಂದು ಮದುವೆ ಛತ್ರದ ಮ್ಯಾನೇಜರಾಗಿದ್ದವರು. ಜನರನ್ನು ಕರೆಯುವುದು, ಸಾಲಾಗಿ ಕೂರಿಸುವುದು, ಊಟಕ್ಕೆ ತಡ ಮಾಡುವುದು, ಈ ಮೂರರಲ್ಲಿ ಅವರಿಗಿದ್ದ ಅನುಭವವನ್ನು ಗುರುತಿಸಿ ಸಂಸ್ಥೆಯು ಅವರನ್ನು ಕರೆಸಿಕೊಂಡಿತ್ತು. ಶಿವಲೀಲಾ ಹೇಳಿದ್ದನ್ನು ಅವರು ಸಾವಿನ ಸುದ್ದಿ ಕೇಳುವವರ ಹಾಗೆ ತಲೆತಗ್ಗಿಸಿ ಕೇಳಿದರು.

"ಮೂರನೇ ದಿನಕ್ಕ ಮನಷಾನ್ನ ಹುಡುಕಿಬಿಟ್ಟೇನವ್ವ?"

"ಹೌದು ಸರ್. ಎರಡು ವರ್ಷದಿಂದ ಆತನ ಕಾಯಾಕತ್ಯಾನ."

"ಈ ಹುದ್ದಿ ತುಂಬಿದ್ರ ನಮ್ಮ ಹತ್ರ ಖಾಲಿ ಹುದ್ದಿ ಎಷ್ಟು ಉಳೀತಾವು?"

"ಒಂದೂ ಉಳಿಯಂಗಿಲ್ಲ ಸರ್."

"ಖಾಲಿ ಹುದ್ದಿನ ಇಲ್ಲ, ನೇಮಕಾತಿ ವಿಭಾಗ ಯಾಕ ಬೇಕು ಅಂತ ಮ್ಯಾಲಿನೋರು ಕೇಳಿದ್ರ ನೀ ಏನ್ ಹೇಳ್ತಿ?"

ಗುರುಬಸವರಾಜ ಅವರು ಮೇಜಿನ ಖಾನೆಯಿಂದ ಎಂಬತ್ತನಾಲ್ಕು ಪುಟದ ನೇಮಕಾತಿ ಕೈಪಿಡಿಯನ್ನು ತೆಗೆದು, ಒಂಬತ್ತನೇ ನಿಯಮವನ್ನು ಬೆರಳಿಟ್ಟು ತೋರಿಸಿದರು. 'ಅಭ್ಯರ್ಥಿಯು ಸುಲಭವಾಗಿ ದೊರೆತ ಪಕ್ಷದಲ್ಲಿ, ಹಾಗೆ ದೊರೆತದ್ದಕ್ಕೆ ಸೂಕ್ತ ಕಾರಣವನ್ನು ದಾಖಲಿಸಿ, ಮೊದಲಿನಿಂದ ಪ್ರಾರಂಭಿಸತಕ್ಕದ್ದು.' ಮೊದಲಿನಿಂದ ಪ್ರಾರಂಭಿಸಲಾಯಿತು.

ಮೊದಲು ಪ್ರಕಟಣೆ ಹೊರಟಿತು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಬಸ್ ನಿಲ್ದಾಣಗಳ ಗೋಡೆಗೆಲ್ಲ ಅಂಟಿಸಿದರು. 'ಈ ಮೂಲಕ ಸಮಸ್ತರಿಗೆ ತಿಳಿಯಪಡಿಸುವುದೇನೆಂದರೆ, ಒಂದು ಕಾವಲುಗಾರ ಹುದ್ದೆಗೆ ಅರ್ಜಿ ಆಹ್ವಾನಿಸಲಾಗಿದೆ. ಅಭ್ಯರ್ಥಿಯು ಎತ್ತರದ ವಸ್ತುಗಳನ್ನು ಕೆಳಗಿನಿಂದ ನೋಡಿದ ಅನುಭವ ಹೊಂದಿರತಕ್ಕದ್ದು. ತಂಡದ ಮನೋಭಾವದಿಂದ ಒಬ್ಬಂಟಿಯಾಗಿ ಕೂರಬಲ್ಲವರಾಗಿರತಕ್ಕದ್ದು. ಗಾಳಿಯ ಬಗ್ಗೆ ಉತ್ಸಾಹ ಇರತಕ್ಕದ್ದು.' ನಾನೂರ ಹನ್ನೆರಡು ಅರ್ಜಿಗಳು ಬಂದವು. ಅವುಗಳಲ್ಲಿ ಮೂವತ್ತೊಂದು ಇಂಜಿನಿಯರುಗಳದು, ಒಂದು ಈಗಾಗಲೇ ತೀರಿಕೊಂಡವರದು. ತೀರಿಕೊಂಡವರ ಅರ್ಜಿಯೇ ಎಲ್ಲಕ್ಕಿಂತ ಚೊಕ್ಕವಾಗಿತ್ತೆಂದು ವಿಭಾಗದಲ್ಲಿ ಈಗಲೂ ನೆನೆಯುತ್ತಾರೆ.

ಇಷ್ಟು ಅರ್ಜಿಗಳನ್ನು ಓದಲು ಇಬ್ಬರು ಬೇಕಾದರು. ಓದಿದವರು ಓದಿದ್ದಾರೆಯೇ ಎಂದು ನೋಡಲು ಒಬ್ಬರು ಬೇಕಾದರು. ಅರ್ಜಿಯಲ್ಲಿ ಬರೆದದ್ದು ನಿಜವೇ ಎಂದು ಊರೂರಿಗೆ ಹೋಗಿ ನೋಡಿಬರಲು ಬೊಮ್ಮಯ್ಯ ಎಂಬ ಪರಿಶೀಲನಾಧಿಕಾರಿ ಬೇಕಾದರು. ಬೊಮ್ಮಯ್ಯ ಗುರುಬಸವರಾಜರ ಓಣಿಯವರು. ತುರ್ತು ನೇಮಕಾತಿಗೆ ಕೈಪಿಡಿ ಅನ್ವಯಿಸುವುದಿಲ್ಲವಾದ ಕಾರಣ ಇವರೆಲ್ಲರನ್ನೂ ಊಟದ ಬಿಡುವಿನಲ್ಲಿ ನೇಮಿಸಲಾಯಿತು. ಎರಡು ತಿಂಗಳಲ್ಲಿ ಒಬ್ಬ ಮನುಷ್ಯನನ್ನು ಹುಡುಕಲು ಹನ್ನೊಂದು ಜನ ಹಗಲಿಡೀ ದುಡಿಯತೊಡಗಿದರು. ಅವರ ಪರಿಶ್ರಮದಿಂದ ನಾನೂರ ಹನ್ನೊಂದು ಅರ್ಜಿಗಳು ತಿರಸ್ಕೃತವಾಗಿ, ಉಳಿದದ್ದು ಕರಿಸಿದ್ದಪ್ಪನದೊಂದೇ. ಅದನ್ನು ಬರೆದುಕೊಟ್ಟವಳು ಶಿವಲೀಲಾ, ಆದ್ದರಿಂದ ಅದರಲ್ಲಿ ತಪ್ಪು ಸಿಕ್ಕಿರಲಿಲ್ಲ.

ಇಂಟರ್‌ವ್ಯೂ ದಿನ ಕರಿಸಿದ್ದಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದ. ಐವರ ಸಮಿತಿ. ಹದಿಮೂರು ಪ್ರಶ್ನೆಗಳು ಸುಗಮವಾಗಿ ಸಾಗಿದವು. ಹದಿನಾಲ್ಕನೆಯದು 'ಅಭ್ಯರ್ಥಿಯ ಸುಪರ್ದಿಯಲ್ಲಿ ಸದ್ಯ ಇರುವ ಸ್ವತ್ತುಗಳ ಸಂಖ್ಯೆ, ಅಂಕಿಯಲ್ಲಿ' ಎಂಬುದು.

"ಅಂದ್ರ ನಿಮ್ಮ ಕುರಿ ಎಷ್ಟದಾವ ಅಂತ್ರಿ" ಎಂದು ಶಿವಲೀಲಾ ಬಿಡಿಸಿ ಹೇಳಿದಳು.

"ಅದಾವವ್ವಾ."

"ಎಷ್ಟು?"

"ಇರೋವಷ್ಟು."

ಗುರುಬಸವರಾಜ ಅವರು ಕನ್ನಡಕ ತೆಗೆದರು. "ಒಂದು ಅಂಕಿ ಹೇಳಪಾ. ಎಣಸಾಕ ಬರಂಗಿಲ್ಲೇನು?"

"ಬರ್ತೈತ್ರಿ. ರೊಕ್ಕ ಎಣಸ್ತೀನಿ, ಚೀಲ ಎಣಸ್ತೀನಿ. ಈ ಖೋಲ್ಯಾಗ ಒಂಬತ್ತು ಕುರ್ಚಿ ಅದಾವ, ಒಂದರ ಕಾಲು ಮುರದೈತಿ. ಕುರಿ ಮಾತ್ರ ಎಣಸಬಾರದ್ರಿ. ಕೊಟ್ಟಾತ ನಮ್ಮ ದ್ಯಾವ್ರು ಮೈಲಾರಪ್ಪ, ಲೆಕ್ಕಾನೂ ಆತಂದ. ನಾವು ಬಾಯಿಬಿಟ್ಟು ಇಷ್ಟದಾವ ಅಂದ್ರ ಅಷ್ಟು ಉಳಿಯಂಗಿಲ್ಲ."

"ಮತ್ತ ಒಂದು ಕಳದ್ರ ನಿನಗ ಹೆಂಗ ಗೊತ್ತಾಕ್ಕೈತಿ?"

"ಅದರ ಮಾರಿ ಕಾಣಂಗಿಲ್ಲಲ್ರಿ."

ಸಮಿತಿಯ ಐವರೂ ಇದೇ ಸೀಮೆಯವರು. ಉಣ್ಣುವವನ ತಟ್ಟೆಯ ರೊಟ್ಟಿ ಎಣಿಸಬಾರದು, ಹಿಂಡಿನ ಕುರಿ ಎಣಿಸಬಾರದು ಎಂಬುದನ್ನು ತಾಯಿಯ ಮಡಿಲಲ್ಲೇ ಕಲಿತವರು. ಆದ್ದರಿಂದ ಐವರೂ ಹೌದೌದೆಂದು ತಲೆಯಾಡಿಸಿದರು. ತಲೆಯಾಡಿಸುತ್ತಲೇ, 'ಅಭ್ಯರ್ಥಿಯು ಅಂಕಿ ಹೇಳಲು ನಿರಾಕರಿಸಿದ್ದಾರೆ' ಎಂದು ಬರೆದುಕೊಂಡರು. ಫಾರಂ ತುಂಬದೆ ಮುಂದಕ್ಕೆ ಹೋಗುವಂತಿರಲಿಲ್ಲ. ಪ್ರಶ್ನೆಯನ್ನೇ ಬದಲಿಸೋಣವೆಂದು ಶಿವಲೀಲಾ ಸೂಚಿಸಿದಳು. ಪ್ರಶ್ನೆ ಬದಲಿಸುವ ಉಪಸಮಿತಿ ರಚನೆಯಾಗಿ, ಅದಕ್ಕೆ ಮೂವರು ನೇಮಕವಾಗಿ, ಅವರು ಕುಳಿತುಕೊಳ್ಳಲು ಕುರ್ಚಿ ಬರುವ ತನಕ ಉಪಸಮಿತಿಯನ್ನು ಮುಂದೂಡಲಾಯಿತು.

ಪ್ರೊಬೇಷನ್ ಮುಗಿಯಲು ಇನ್ನು ಮೂರು ವಾರವಿತ್ತು. ಮನೆಯಲ್ಲಿ ಅಪ್ಪ ಮಷೀನಿಗೆ ಎಣ್ಣೆ ಬಿಟ್ಟಿಟ್ಟಿದ್ದರು. ಒಂದು ಸಂಜೆ, ಎಲ್ಲರೂ ಎದ್ದುಹೋದ ಮೇಲೆ, ಶಿವಲೀಲಾ ಹದಿನಾಲ್ಕನೇ ಪ್ರಶ್ನೆಯ ಮುಂದೆ 'ನಲವತ್ತು' ಎಂದು ತಾನೇ ಬರೆದಳು. ಅದು ಸುಳ್ಳು ಎಂದು ಅವಳಿಗೆ ಅನ್ನಿಸಲಿಲ್ಲ, ಉಪಕಾರ ಎನ್ನಿಸಿತು. ಕರಿಸಿದ್ದಪ್ಪ ಬಾಯಿ ಬಿಟ್ಟು ಹೇಳಿಲ್ಲ, ಯಾರೂ ಎಣಿಸಿಲ್ಲ, ಮೈಲಾರಪ್ಪನಿಗೂ ಬೇಜಾರಿಲ್ಲ, ಫಾರಮ್ಮಿಗೂ ಬೇಜಾರಿಲ್ಲ. ಆ ಸಂಜೆ ಅವಳು ಹಗುರಾಗಿ ಬಸ್ಸು ಹತ್ತಿದಳು.

ಆದರೆ ಬರೆದದ್ದೆಲ್ಲವನ್ನೂ ಪರಿಶೀಲಿಸುವುದಕ್ಕೆಂದೇ ಸಂಸ್ಥೆಯಲ್ಲಿ ಬೊಮ್ಮಯ್ಯ ಇದ್ದರು. ಅವರು ಕೈಯಲ್ಲೊಂದು ನೀಲಿ ಬಣ್ಣದ ಡಬ್ಬಿ ಹಿಡಿದು ಗುಡ್ಡ ಹತ್ತಿದರು. ಕರಿಸಿದ್ದಪ್ಪ ಮೊಣಕಾಲು ತೋರಿಸಲು ಕೂಡ್ಲಿಗಿಯ ಆಸ್ಪತ್ರೆಗೆ ಹೋಗಿದ್ದ. ಭರಮಮ್ಮ ಬೇಡ ಬೇಡವೆಂದು ಕೈಮುಗಿದರೂ, ಫಾರಮ್ಮಿನಲ್ಲಿ ನಲವತ್ತು ಎಂದು ಬರೆದಿದೆ ಎನ್ನುತ್ತ ಬೊಮ್ಮಯ್ಯ ಒಂದೊಂದು ಕುರಿಯ ಬೆನ್ನಿಗೂ ಬಣ್ಣದ ಚುಕ್ಕೆ ಇಡುತ್ತ, ಗಟ್ಟಿಯಾಗಿ, ಗುಡ್ಡಕ್ಕೆಲ್ಲ ಕೇಳುವ ಹಾಗೆ ಎಣಿಸಿದರು. ಮೊದಲ ಸಲ ಮೂವತ್ತೆಂಟು ಬಂತು. ಎರಡನೇ ಸಲ ನಲವತ್ಮೂರು. ಮೂರನೇ ಸಲ, ನಾಯಿಯೂ ಸೇರಿ, ನಲವತ್ತೊಂದು. ಅವರ ವರದಿ ಹೀಗಿತ್ತು: 'ಮೂರೂ ಎಣಿಕೆಗಳ ಸರಾಸರಿ ತೆಗೆಯಲಾಗಿ ನಲವತ್ತೂ ಮುಕ್ಕಾಲಿಗೆ ತುಸು ಕಡಿಮೆ ಕುರಿ ಇರುವುದು ಕಂಡುಬಂದಿದೆ. ಅಭ್ಯರ್ಥಿಯು ನಲವತ್ತು ಎಂದು ಘೋಷಿಸಿರುತ್ತಾರೆ. ಹೀಗಾಗಿ ಸುಮಾರು ಮುಕ್ಕಾಲು ಕುರಿಯನ್ನು ಸಂಸ್ಥೆಯಿಂದ ಮರೆಮಾಚಿರುವುದು ಮೇಲ್ನೋಟಕ್ಕೆ ಸಾಬೀತಾಗಿದೆ.'

ಅದೇ ವಾರ ಗುಡ್ಡದ ಹಿಂಡುಗಳಿಗೆಲ್ಲ ರೋಗ ಬಿದ್ದು ಕರಿಸಿದ್ದಪ್ಪನ ಕೆಲವು ಕುರಿಗಳೂ ಸತ್ತವು. ಎಷ್ಟು ಎಂದು ಅವನು ಹೇಳಲಿಲ್ಲ. ಇದು ಮಳೆಯಾದ ಮೇಲೆ ಬರುವ ರೋಗವೆಂದು ಪಶು ವೈದ್ಯರು ವಿವರಿಸಿದರು. ಅವನು ವಿನಯದಿಂದ ಕೇಳಿಸಿಕೊಂಡ, ನಂಬಲಿಲ್ಲ. ಮರುದಿನ ಕೊಟ್ಟೂರಿಗೆ ಬಂದು, ಕಚೇರಿಯ ನಡುವೆ ಕೋಲು ಊರಿ ನಿಂತ.

"ನಲವತ್ತು ಅಂತ ಬರದೋರು ಯಾರ್ರಿ?"

ಅವನ ಕಣ್ಣು ಒಬ್ಬೊಬ್ಬರನ್ನೇ ದಾಟಿ ಶಿವಲೀಲಾಳ ಮೇಲೆ ಬಂದು ನಿಂತಿತು. ಸಿಟ್ಟಿನಿಂದಲ್ಲ, ಇವಳಾದರೂ ಹೇಳಿಯಾಳು ಎಂಬ ಭರವಸೆಯಿಂದ. ನಾನೇ ಎಂದರೆ ನಾಳೆಯಿಂದ ಪಾತ್ರೆ ಅಂಗಡಿ.

"ವಿಚಾರಣಿಯಾಗ ತಿಳೀತೈತ್ರಿ ಯಜಮಾನ್ರ" ಎಂದಳು.

ಗುರುಬಸವರಾಜ ಅವರ ಮುಖ ಅರಳಿತು. ಅಲ್ಲಿಯ ತನಕ ವಿಚಾರಣೆಯೆಂಬುದು ಯಾರಿಗೂ ಹೊಳೆದಿರಲಿಲ್ಲ. ವಿಚಾರಣೆ ನಡೆಯುತ್ತಿರುವಾಗ ಅಭ್ಯರ್ಥಿಯನ್ನು ನೇಮಿಸುವಂತಿಲ್ಲ, ತಿರಸ್ಕರಿಸುವಂತೆಯೂ ಇಲ್ಲ. ಬೇರೆಯವರನ್ನು ಕರೆಯುವಂತಿಲ್ಲ, ಹುದ್ದೆಯನ್ನು ರದ್ದು ಮಾಡುವಂತೆಯೂ ಇಲ್ಲ. ಇಷ್ಟು ಭದ್ರವಾದ ಖಾಲಿ ಹುದ್ದೆ ಬೇರೆ ಯಾವ ಸಂಸ್ಥೆಯಲ್ಲೂ ಇರಲಾರದು. ಶಿವಲೀಲಾಗೆ ಮಾತ್ರ ತುಂಬಾ ನಾಚಿಕೆಯಾಯಿತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಖಾಯಂ ಆದೇಶ ಕೈಗೆ ಬಂತು. 'ಸದರಿ ಹುದ್ದೆಯನ್ನು ಯಾವ ಕಾರಣಕ್ಕೂ ಕೈತಪ್ಪದಂಥ ಸ್ಥಿತಿಗೆ ತಂದಿರುವ ಇವರ ವೃತ್ತಿಪರತೆಯನ್ನು ಪರಿಗಣಿಸಿ' ಎಂದು ಅದರಲ್ಲಿತ್ತು. ಮನೆಯಲ್ಲಿ ತಾಯಿ ಹೋಳಿಗೆ ಮಾಡಿದರು, ಊಟವೂ ಸೇರಿತು. ಅಪ್ಪ ಒಂದು ತಂಬಿಗೆಯ ಮೇಲೆ ಅವಳ ಹೆಸರು ಕೊರೆದುಕೊಟ್ಟರು.

ವಿಚಾರಣೆ ಪ್ರತಿ ಮಂಗಳವಾರ ನಡೆಯತಕ್ಕದ್ದೆಂದು ತೀರ್ಮಾನವಾಯಿತು. ಕರಿಸಿದ್ದಪ್ಪ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಬೆಂಚಿನ ಮೇಲೆ ಕೂತಿರುತ್ತಿದ್ದ. ಸಂಜೆ ಮುಂದಿನ ಮಂಗಳವಾರದ ಚೀಟಿ ಇಸಿದುಕೊಂಡು ಹೋಗುತ್ತಿದ್ದ. ಬಾರದಿದ್ದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ. ಬಾರದಿದ್ದರೆ ಈ ನೌಕರಿ ಜನ್ಮದಲ್ಲಿ ಸಿಗದು ಎಂದು ಶಿವಲೀಲಾ ನಿಯಮ ಓದಿ ಹೇಳಿದಳು. ಹೀಗಾಗಿ ಮಂಗಳವಾರ ಮಂಗಳವಾರ ಗುಡ್ಡದ ಮೇಲೆ ಅವನಿರಲಿಲ್ಲ ಎಂಬುದು ಸುತ್ತಲಿನ ಎಲ್ಲರಿಗೂ ಗೊತ್ತಾಯಿತು. ಗೊತ್ತಾಗಬೇಕಾದವರಿಗೂ ಗೊತ್ತಾಯಿತು. ನಾಲ್ಕನೇ ಮಂಗಳವಾರ ಹದಿನೇಳನೇ ಫ್ಯಾನಿನ ತಾಮ್ರದ ವೈರು ಬುಡದಿಂದ ತುದಿಯವರೆಗೆ ಮಾಯವಾಗಿ, ಫ್ಯಾನು ನಿಂತುಹೋಯಿತು.

ಪ್ರಧಾನ ಕಚೇರಿ ಕಾರಣ ಕೇಳಿತು. ಕಾವಲುಗಾರ ಇಲ್ಲದಿರುವುದೇ ಕಾರಣವೆಂದು ವಿಭಾಗವು ಪ್ರಾಮಾಣಿಕವಾಗಿ ಉತ್ತರಿಸಿತು. ಆ ಹುದ್ದೆ ಎಷ್ಟು ಮಹತ್ವದ್ದೆಂದು ಪ್ರಧಾನ ಕಚೇರಿಗೆ ಆಗ ಮನವರಿಕೆಯಾಗಿ, ನೇಮಕಾತಿ ವಿಭಾಗಕ್ಕೆ ಇನ್ನೂ ನಾಲ್ವರನ್ನು ಮಂಜೂರು ಮಾಡಿತು. ಅವರಲ್ಲಿ ಒಬ್ಬರು ಗೊಬ್ಬರದ ಅಂಗಡಿಯ ಮಾಲೀಕರ ಅಳಿಯ. ಅಂಗಡಿಯನ್ನು ಕೆಳಗಿನಿಂದ ತೆಗೆಸಿ ಆ ಜಾಗವನ್ನೂ ಕಚೇರಿಗೆ ಹಿಡಿದರು.

ಅಷ್ಟರಲ್ಲಿ ಬೇಸಗೆ ಬಂತು. ಹೊಳೆದಂಡೆಗೆ ಹೋದರೆ ಎರಡು ತಿಂಗಳು ಬರುವ ಹಾಗಿಲ್ಲ, ಮಂಗಳವಾರಗಳು ತಪ್ಪುತ್ತವೆ. ಭರಮಮ್ಮ ಈ ಸಲ ಒಬ್ಬಳೇ ಹೋಗಲಾರೆನೆಂದು ಅತ್ತಳು. ಆಳಿಡಲು ಸಂಬಳ ಬಂದಿರಲಿಲ್ಲ. ಸಂಬಳ ಬರಲು ನೌಕರಿ ಆಗಿರಲಿಲ್ಲ. ಕರಿಸಿದ್ದಪ್ಪ ಹಿಂಡನ್ನು ಸಂತೆಗೆ ಹೊಡೆದ. ಮಾರುವಾಗಲೂ ಅವನು ಎಣಿಸಲಿಲ್ಲ. ಒಂದೊಂದರ ಮುಖವನ್ನೂ ಕೈಯಿಂದ ಎತ್ತಿ ನೋಡಿ ಬಿಟ್ಟನಂತೆ, ಎಣಿಸಿಕೊಂಡವರು ಕೊಂಡವರೇ. ಇದನ್ನು ಕಚೇರಿಯಲ್ಲಿ ಹೇಳಿದವನು ರಾಮಾಂಜಿನಿ. ಹೇಳಿ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ, ಯಾರಾದರೂ ಏನಾದರೂ ಅಂದಾರೆಂದು. ಶಿವಲೀಲಾ ಬಾಗಿಲ ಕಡೆ ನೋಡಿದಳು. ಆಮೇಲೆ ಅರ್ಜಿಯ ಕಟ್ಟು ಬಿಚ್ಚಿದಳು.

ಮುಂದಿನ ಮಂಗಳವಾರ ವಿಚಾರಣೆಯ ಹನ್ನೊಂದನೇ ಸಭೆ. ನಿಯಮದ ಪ್ರಕಾರ ಹದಿನಾಲ್ಕನೇ ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. ಸದ್ಯ ಸುಪರ್ದಿಯಲ್ಲಿರುವ ಕುರಿ ಎಷ್ಟು?

"ಒಂದೂ ಇಲ್ರಿ" ಎಂದ ಕರಿಸಿದ್ದಪ್ಪ.

ಗುರುಬಸವರಾಜ ಅವರು ಎದ್ದು ನಿಂತು ಅವನ ಕೈ ಕುಲುಕಿದರು. ಕೊನೆಗೂ ಅಂಕಿಯಲ್ಲಿ ಉತ್ತರ ಬಂದಿತ್ತು. ಬೊಮ್ಮಯ್ಯ ಕೂಡಲೇ ಜೀಪಿನಲ್ಲಿ ಗುಡ್ಡಕ್ಕೆ ಹೋಗಿ, ಮೂರು ಸಲ ಎಣಿಸಿ, ಮೂರೂ ಸಲ ಸೊನ್ನೆಯೇ ಬಂದದ್ದನ್ನು ಫೋನಿನಲ್ಲಿ ದೃಢಪಡಿಸಿದರು. ಘೋಷಣೆಗೂ ವಾಸ್ತವಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಸಂಸ್ಥೆಯ ಕಡತಗಳಲ್ಲಿ ಹೀಗಾದದ್ದು ಇದೇ ಮೊದಲು. ಮುಕ್ಕಾಲು ಕುರಿಯ ಆರೋಪವನ್ನು ಕೈಬಿಡಲಾಯಿತು. ಅಭ್ಯರ್ಥಿಯು ಹಟಬಿಟ್ಟು ಸುಧಾರಿಸಿದ್ದಾರೆಂದು ನಡಾವಳಿಯಲ್ಲಿ ಬರೆದು, ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. ಕರಿಸಿದ್ದಪ್ಪನಿಗೂ ಒಂದು ತಟ್ಟೆ ಕೊಟ್ಟರು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ.

"ಹಂಗಾರ ನೌಕ್ರಿ?"

ಹದಿನಾಲ್ಕು ಜನ ಬಾಯಿ ಆಡಿಸುವುದನ್ನು ನಿಲ್ಲಿಸಿ ಶಿವಲೀಲಾಳ ಕಡೆ ನೋಡಿದರು. ಅವಳು ಗಾಬರಿಯಾಗಲಿಲ್ಲ. ಕೈ ಒರೆಸಿಕೊಂಡು ಫಾರಮ್ಮಿನ ಹಾಳೆ ತಿರುವಿದಳು.

"ಹದಿನೈದನೇ ಪ್ರಶ್ನಿ ಐತ್ರಿ ಯಜಮಾನ್ರ. ಸದ್ಯಕ್ಕ ಏನು ಕೆಲಸ ಮಾಡಾಕತ್ತೀರಿ?"

"ಏನಿಲ್ರಿ. ಮಂಗಳವಾರ ಇಲ್ಲಿಗೆ ಬರ್ತೀನಿ."

"ಕೆಲಸ ಇಲ್ದ ಇದ್ದ ಅವಧಿಗೆ ಕಾರಣ ಬರಹದಾಗ ಬೇಕ್ರಿ. ಕುರಿ ಕಾಯೋ ಅನುಭವ ಇತ್ತಂತ ನಿಮ್ಮ ಅರ್ಜಿ ಹಿಡದಿದ್ವಿ, ಈಗ ಕುರಿನ ಇಲ್ಲ. ಯಾಕ ಮಾರಿದ್ರಿ ಅಂತ ಬರಸಿ, ಇಬ್ರು ಸಾಕ್ಷಿ ಹಾಕಿಸಿ ತರ್ರಿ. ಬರೋ ಮಂಗಳವಾರ ಸಮಿತಿ ಕುಂದರ್ತೈತಿ."

ಹದಿನಾಲ್ಕು ಬಾಯಿಗಳು ಮತ್ತೆ ಆಡತೊಡಗಿದವು. ಗುರುಬಸವರಾಜ ಅವರು ಮೆಚ್ಚುಗೆಯಿಂದ ಇನ್ನೊಂದು ಮಿರ್ಚಿಯನ್ನು ಅವಳ ತಟ್ಟೆಗೆ ದಾಟಿಸಿದರು. ಕರಿಸಿದ್ದಪ್ಪ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಕೋಲು ಊರಿ, ಮೊಣಕಾಲು ಹಿಡಿದುಕೊಂಡು ಎದ್ದ.

"ಎಷ್ಟು ಪ್ರತಿ ತರ್ಲಿ, ಮೇಡಂನೋರ?"

"ಮೂರು" ಎಂದಳು ಶಿವಲೀಲಾ.

ಮರೆಯಬಾರದೆಂದು ಅವನು ಒಂದೊಂದೇ ಬೆರಳು ಮಡಚಿ, ಗಟ್ಟಿಯಾಗಿ ಎಣಿಸಿಕೊಂಡು, ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ಹೋದ.